ಮಾಸ್ತರರು ತಮಗೇ ಹೊಲಿದುಕೊಂಡ ಪ್ಯಾಂಟು

"ಟೇಪು ಮುಟ್ಟಿದರೆ ನಾನು ಟೈಲರೇ ಅಲ್ಲ!"

ಹೀಗೆ ಘೋಷಿಸಿ ಟೈಲರ್ ಮಾಸ್ತರರು ಮೇಜಿನ ಮೇಲೆ ನೀಲಿ ಬಟ್ಟೆಯ ಇಡೀ ಥಾನನ್ನು ಉರುಳಿಸಿಬಿಟ್ಟರು. ಭಾನುವಾರ ಮನೆಯ ನಾಲ್ಕು ತಲೆಮಾರಿನವರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವವರಿದ್ದರು. ಎಂಬತ್ತಾರರ ಅಮ್ಮನಿಂದ ಹಿಡಿದು ಹನ್ನೆರಡರ ಮೊಮ್ಮಗಳವರೆಗೆ ಎಲ್ಲರಿಗೂ ಒಂದೇ ಬಟ್ಟೆ, ಒಬ್ಬನೇ ಟೈಲರು. ಒಬ್ಬರ ಮೈಗೂ ಟೇಪು ತಾಗಿಸುವಂತಿಲ್ಲ!

ಇದಕ್ಕೆಲ್ಲ ಕಾರಣ ಸೊಸೆ. ಹೊಲಿಗೆ ಕಲಿತೇ ಬಂದವಳು. ಕಳೆದ ನಾಲ್ಕು ವರ್ಷ ಮನೆ ಮುಂದಿನ ಅಂಗಡಿಯಲ್ಲಿ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಹಚ್ಚಿ ಬೆರಳು ಸವೆಸಿದ್ದಳು. ಕತ್ತರಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಮಾವ, ಅಳತೆ ತಗೊಂಡು ಕತ್ತರಿಸೋ ಕೆಲಸ ನಂಗೂ ಕೊಡಿ."

"ಅಳತೆ ತಗೊಳ್ಳೋದು ಟೇಪಲ್ಲಿ ಅಲ್ಲಮ್ಮಾ, ಕಣ್ಣಲ್ಲಿ! ಮನುಷ್ಯ ಹೇಗೆ ಬೆಳೀತಾನೆ ಅಂತ ತಿಳಿದಿರಬೇಕು. ಹತ್ತರವರೆಗೆ ಕಾಲಲ್ಲಿ ಬೆಳೀತಾನೆ. ಇಪ್ಪತ್ತರವರೆಗೆ ಭುಜದಲ್ಲಿ. ಮದುವೆ ಆದ್ಮೇಲೆ ಹೊಟ್ಟೇಲಿ. ಅರವತ್ತು ದಾಟಿದ ಮೇಲೆ ಬೆಳೆದಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ಕೊಡ್ತಾನೆ. ಇಷ್ಟೇ ಶಾಸ್ತ್ರ!"

ಹೆಂಡತಿ ಒಳಗಿನಿಂದಲೇ ಕೇಳಿದಳು: "ನಿಮಗೆಷ್ಟು ವಯಸ್ಸಾಯ್ತು ಅಂತ ನೆನಪಿದೆಯೇನ್ರೀ?"

"ಅರವತ್ತಾರು. ಆದ್ರೆ ಶಾಸ್ತ್ರ ಗಿರಾಕಿಗಳಿಗೆ ಕಣೇ, ಟೈಲರಿಗಲ್ಲ!"

"ಹಾಗಾದ್ರೆ ಪಣ. ಒಬ್ಬರ ಬಟ್ಟೆ ತಪ್ಪಿದ್ರೂ ಕತ್ತರಿ ಅವಳಿಗೆ."

"ಒಂದೂ ತಪ್ಪದಿದ್ರೆ?"

"ಅವಳು ಕಾಜಾ ಹೊಲ್ಕೊಂಡೇ ಇರ್ತಾಳೆ. ನಾನು ಬಾಯಿ ಮುಚ್ಕೊಂಡಿರ್ತೀನಿ."

ಎರಡನೆಯ ಆಮಿಷಕ್ಕೇ ಮಾಸ್ತರರು ಒಪ್ಪಿದರು. ಸೊಸೆಯ ಮುಖ ಬಾಡಿತು.

ಮಾಸ್ತರರು ಒಂದು ಕಣ್ಣು ಮುಚ್ಚಿ ಅಮ್ಮನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. "ಏನೋ ಹಾಗೆ ನೋಡ್ತೀಯ? ನಾನೇನು ಮಾರಾಟಕ್ಕಿದೀನಾ?" ಎಂದು ಆಕೆ ಗದರಿದರು. ಮೊಮ್ಮಗಳನ್ನು ದೂರದಿಂದ, ಮಗನನ್ನು ಬೆನ್ನ ಹಿಂದಿನಿಂದ, ಸೊಸೆಯನ್ನು ನೆರಳಿನಿಂದ, ಹೆಂಡತಿಯನ್ನು ಕಳ್ಳಗಣ್ಣಿನಿಂದ ಅಳೆದದ್ದಾಯಿತು. ಇನ್ನು ತಮ್ಮ ಪ್ಯಾಂಟಿಗೆ ಕಣ್ಣಳತೆಯೂ ಬೇಡ! ಸೊಂಟ ಮೂವತ್ತೆರಡು, ಉದ್ದ ನಲವತ್ತೊಂದು ಎಂಬುದು ಅವರಿಗೆ ಯೌವನದಿಂದಲೂ ಬಾಯಿಪಾಠ. ಅಂಗಡಿಗೆ ಅವರು ಹಾಕುತ್ತಿದ್ದುದು ಲಾಡಿ ಕಟ್ಟುವ ಪೈಜಾಮ. ಈ ಲಾಡಿ ಎಂಬುದು ಬಹಳ ದೊಡ್ಡ ಮನಸ್ಸಿನದು, ಯಾರ ಗುಟ್ಟನ್ನೂ ಹೊರಗೆ ಬಿಡುವುದಿಲ್ಲ.

ಬುಧವಾರ ಬಟ್ಟೆಗಳನ್ನು ಹಂಚಿ, "ಭಾನುವಾರದವರೆಗೆ ಯಾರೂ ಹಾಕಿ ನೋಡ್ಬಾರ್ದು. ಹಾಕಿ ನೋಡೋದು ಅನುಮಾನ ಇರೋರ ಕೆಲಸ!" ಎಂದು ಅಪ್ಪಣೆ ಕೊಡಿಸಿದರು.

ಭಾನುವಾರ ಫೋಟೋದವನು ಬಂದು ಕ್ಯಾಮೆರಾ ನಿಲ್ಲಿಸಿದ. ಅಮ್ಮ ಹೊರಬಂದರು. ರವಿಕೆಯ ಉದ್ದ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು! ಮೊಮ್ಮಗಳ ಫ್ರಾಕು ಎರಕ ಹೊಯ್ದಂತಿತ್ತು. ಮಗನ ಅಂಗಿಯ ಗುಂಡಿಗಳು ತಕರಾರಿಲ್ಲದೆ ಕೂತವು. ಹೆಂಡತಿಯ ಮತ್ತು ಸೊಸೆಯ ರವಿಕೆಗಳಲ್ಲೂ ಹುಳುಕು ಹುಡುಕಲು ಜಾಗವಿರಲಿಲ್ಲ. ಹೆಂಡತಿ ತುಟಿ ಬಿಚ್ಚಲಿಲ್ಲ.

"ನೋಡಿದೆಯೇನಮ್ಮಾ ಕಣ್ಣಂದ್ರೆ!" ಎಂದು ಸೊಸೆಯ ಕಡೆ ಮೀಸೆ ತಿರುವಿ, ಮಾಸ್ತರರು ತಮ್ಮ ಪ್ಯಾಂಟು ಹಿಡಿದು ಕೋಣೆ ಹೊಕ್ಕರು.

ಐದು ನಿಮಿಷ ಸದ್ದಿಲ್ಲ. ಆಮೇಲೆ ಕುಪ್ಪಳಿಸುವ ಸದ್ದು. ಆಮೇಲೆ ಏನೋ ದೊಡ್ಡದು ಬಿದ್ದ ಸದ್ದು.

"ರೀ, ಫೋಟೋದವನು ಕಾಯ್ತಿದಾನೆ!"

ಬಾಗಿಲು ತೆರೆಯಿತು. ಮಾಸ್ತರರು ಎರಡು ಕೈಯಲ್ಲೂ ಸೊಂಟ ಹಿಡಿದು ನಿಂತಿದ್ದರು. ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಗೇಣು ವಿರಸ! ಕೆಳಗೆ ಪ್ಯಾಂಟು ಪಾದಗಳನ್ನು ನುಂಗಿ ನೆಲ ಗುಡಿಸುತ್ತಿತ್ತು.

"ಬಟ್ಟೆ ಸರಿಯಿಲ್ಲ! ಕುಗ್ಗಿದೆ!"

"ಸೊಂಟದಲ್ಲಿ ಕುಗ್ಗಿ ಕಾಲಲ್ಲಿ ಹಿಗ್ಗಿತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಹೆಂಡತಿಗೆ ಬಾಯಿ ಮರಳಿ ಬಂದಿತ್ತು.

ಆದರೂ ಮಾಸ್ತರರು ಸೋಲುವವರೇ? "ಆಯ್ತು, ಒಂದು ತಪ್ಪಿತು. ಉಳಿದ ಐದು? ಅದು ಕಣ್ಣಳತೆ ತಾನೆ?"

ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ತಾತ, ನನ್ನ ಫ್ರಾಕಲ್ಲಿ ನಾನೂ ನನ್ನ ಗೆಳತೀನೂ ಇಬ್ಬರೂ ಹಿಡೀತಿದ್ವಿ! ನಮ್ಮಮ್ಮ ಅಳತೆ ತಗೊಂಡು, ಬಿಚ್ಚಿ ಹೊಲಿದ್ಲು. ಎಲ್ಲರದ್ದೂ!"

"ನನ್ನನ್ನಂತೂ ಪೂರ್ತಿ ಒಣಗಿಸಿಬಿಟ್ಟಿದ್ದೆ ಕಣೋ," ಎಂದರು ಮಾಸ್ತರರ ಅಮ್ಮ. "ತೋಳಲ್ಲಿ ಕೈಯೇ ತೂರಲಿಲ್ಲ."

"ಯಾರಿಗೂ ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ಲು," ಎಂದಳು ಹೆಂಡತಿ. "ಇಲ್ಲದಿದ್ರೆ ನಾನು ಇಷ್ಟೊತ್ತು ಸುಮ್ನಿರ್ತಿದ್ನಾ?"

ಮಾಸ್ತರರು ಸೊಸೆಯನ್ನೇ ನೋಡಿದರು. "ಹಾಗೇ ಬಿಟ್ಟಿದ್ರೆ ನೀನು ಗೆಲ್ತಿದ್ದೆಯಲ್ಲಮ್ಮಾ?"

"ಹೊರಗಿನೋರ ಮುಂದೆ ನಿಮ್ಮ ಹೆಸರು ಹಾಳಾಗೋದು ಬೇಡ ಅನ್ನಿಸ್ತು ಮಾವ."

ನಾಲ್ಕು ವರ್ಷ ಈ ಹುಡುಗಿಯನ್ನು ಗುಂಡಿ ಡಬ್ಬದ ಮುಂದೆ ಕೂರಿಸಿದ್ದಕ್ಕೆ ಮಾಸ್ತರರಿಗೆ ನಿಜವಾಗಿ ನಾಚಿಕೆಯಾಯಿತು. ಹಾಗಂತ ಕುತೂಹಲ ಬಿಡಬೇಕಲ್ಲ!

"ಮತ್ತೆ ನನ್ನ ಪ್ಯಾಂಟು ಯಾಕೆ ಬಿಟ್ಟೆ?"

"ನಿಮ್ಮ ಅಳತೆ ನಿಮಗಾದ್ರೂ ಗೊತ್ತಿರುತ್ತೆ ಅಂದ್ಕೊಂಡೆ ಮಾವ."

ಫೋಟೋದವನು ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ನಕ್ಕ. ಮಾಸ್ತರರು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಗೋಡೆಯ ಗೂಟದಿಂದ ಕತ್ತರಿ ತೆಗೆದರು. ಅದರ ಜೊತೆಗೆ ಟೇಪನ್ನೂ ಸೊಸೆಯ ಕೈಗಿಟ್ಟರು.

"ತಗೋ. ಮೊದಲ ಗಿರಾಕಿ ನಾನೇ."

ಸೊಸೆ ಸೊಂಟಕ್ಕೆ ಟೇಪು ಸುತ್ತಿದಳು. ಮಾಸ್ತರರು ಎದೆ ಸೆಟೆಸಿ, ಸೂರು ನೋಡುತ್ತ ಸಿಪಾಯಿಯಂತೆ ನಿಂತರು. ಅವಳು ಕಾದಳು. ಇನ್ನೂ ಸ್ವಲ್ಪ ಕಾದಳು. ಅವರ ಮುಖ ಕೆಂಪಾಗತೊಡಗಿತು.

"ಎಷ್ಟು?" ಎಂದರು ಹಲ್ಲು ಕಚ್ಚಿಕೊಂಡು.

"ಮೊದಲು ಉಸಿರು ಬಿಡಿ ಮಾವ. ಆಮೇಲೆ ಹೇಳ್ತೀನಿ."