ಶಾಲೆಯ ಮೇಲೆ ಮಾತ್ರ ಸುರಿದ ಮಳೆ

ಪಟ್! ಪಟಾರ್! ಪಟ್!

ತಾರಸಿಯ ಮೇಲೆ ಯಾರೋ ಯಾರದೋ ಕೆನ್ನೆಗೆ ಬಾರಿಸುತ್ತಿದ್ದಾರೆ ಎಂದು ನಮ್ಮ ಮನೆಗೆ ಮೊದಲ ಸಲ ಬಂದವರು ಗಾಬರಿಯಾಗುವುದುಂಟು. ಏನಿಲ್ಲ, ಒದ್ದೆ ಬೆಡ್‌ಶೀಟುಗಳು ಗಾಳಿಗೆ ಬಡಿದುಕೊಳ್ಳುವ ಸದ್ದು. ನಮ್ಮವರದು ಲಾಂಡ್ರಿ. ಕೆಳಗೆ ಒಗೆತ, ನಡುವೆ ನಮ್ಮ ವಾಸ, ಮೇಲೆ ಹಗ್ಗಗಳು. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನನಗೆ ನೆಮ್ಮದಿ ಇರಲಿಲ್ಲ. ಈಗ ಅದು ನಿಂತರೆ ನೆಮ್ಮದಿ ಇರುವುದಿಲ್ಲ. ಸದ್ದು ನಿಂತಿತೆಂದರೆ ಗಾಳಿ ನಿಂತಿತು, ಗಾಳಿ ನಿಂತಿತೆಂದರೆ ಎಲ್ಲೋ ಮೋಡ ಕಟ್ಟುತ್ತಿದೆ, ಮೋಡ ಕಟ್ಟಿತೆಂದರೆ ಮನೆಮಂದಿಯೆಲ್ಲ ಮೆಟ್ಟಿಲ ಕಡೆಗೆ ಓಟ!

ಇಂಥ ಮನೆಯ ಸೊಸೆ ನಾನು. ಸಾಲದ್ದಕ್ಕೆ ಶಾಲೆಯ ಟೀಚರು. ಮಳೆಯ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಿಲ್ಲವೆಂದು ನಂಬಿದ್ದರೆ ತಪ್ಪೇನು?

"ಈ ಸಲ ಮಕ್ಕಳಿಗೆ ಮಳೆಗಾಲವನ್ನ ಪುಸ್ತಕದಿಂದ ಓದಿಸಲ್ಲ. ಅವರ ಕೈಯಿಂದಲೇ ಮಳೆ ಹಿಡಿಸ್ತೀನಿ!" ಎಂದು ಊಟದ ಹೊತ್ತಿನಲ್ಲಿ ಘೋಷಿಸಿದೆ.

"ಹಿಡಿದು?" ಎಂದರು ನಮ್ಮವರು.

"ಅಳೀತೀವಿ."

"ಅಳೆದು?"

"ಮುಂದೆ ಯಾವಾಗ ಬರುತ್ತೆ ಅಂತ ಹೇಳ್ತೀವಿ."

"ಅದಕ್ಕೆ ನನ್ನ ಮೊಣಕಾಲ ನೋವೇ ಸಾಕಲ್ಲೇ," ಎಂದರು ಅತ್ತೆ.

"ವಿಜ್ಞಾನದ ಮುಂದೆ ಮೊಣಕಾಲು ನಿಲ್ಲಲ್ಲ, ಅತ್ತೆ!"

"ಯಾರ ಮುಂದೆಯೂ ನಿಲ್ಲಲ್ಲ ಕಣೇ. ಅದಕ್ಕೇ ಕೂತು ಇಸ್ತ್ರಿ ಮಾಡ್ತಿದೀನಿ."

ನನ್ನ ಈ ಉತ್ಸಾಹದ ಹಿಂದೆ ಒಂದು ಚಡಪಡಿಕೆಯಿತ್ತು. ಶಾಲೆಯಲ್ಲಿ ನಾನು ಖಾಯಂ ಅಲ್ಲ. ಯಾರಿಗೆ ಜ್ವರ ಬಂದರೆ ಅವರ ತರಗತಿಗೆ ನಾನು. ಹೆಚ್ಚು ಕಡಿಮೆ ಮಾತ್ರೆಯಂತೆ ನನ್ನ ಬದುಕು! ಮೂರನೇ ತರಗತಿಯ ಟೀಚರು ಊರು ಬಿಟ್ಟು ಹೋದ ಮೇಲೆ ಆ ಮಕ್ಕಳು ತಾತ್ಕಾಲಿಕವಾಗಿ ನನ್ನ ಪಾಲಿಗೆ ಬಂದಿದ್ದರು. ಬಂದ ವಾರದಲ್ಲೇ ಅವರ ಮೇಲೆ ನನಗೆ ಆಸೆ ಹುಟ್ಟಿಬಿಟ್ಟಿತು. ಮುಖ್ಯೋಪಾಧ್ಯಾಯಿನಿಯವರನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತೇವೆ. ಅವರು ಕನ್ನಡಕದ ಮೇಲಿನಿಂದ ನೋಡಿ ಹೇಳಿದ್ದರು: "ಪೋಷಕರ ದಿನ ನಿಮ್ಮ ತರಗತಿ ಏನು ತೋರಿಸುತ್ತೋ ನೋಡ್ತೀನಿ. ಚೆನ್ನಾಗಿದ್ರೆ ಮಕ್ಕಳು ನಿಮ್ಮವರು. ಇಲ್ಲದಿದ್ರೆ ಮತ್ತೆ ಜ್ವರ ಬಂದವರ ಜಾಗಕ್ಕೆ."

ಹಾಗೆ ಶುರುವಾಯಿತು ನಮ್ಮ ಮಳೆಮಾಪಕ. ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಮೈಮೇಲೆ ಬಿಳಿ ಪಟ್ಟಿ ಅಂಟಿಸಿ ಗೆರೆ ಎಳೆದೆವು. ಮಕ್ಕಳು ಅದನ್ನು ಅಂಗಳದ ಕಟ್ಟೆಯ ಮೇಲೆ ಇಟ್ಟು, ಹಸುಗೂಸನ್ನು ನೋಡಿದ ಹಾಗೆ ನೋಡುತ್ತ ನಿಂತರು. ನಾನು ಕಟ್ಟಪ್ಪಣೆ ಮಾಡಿದೆ: "ಇದು ನಮ್ಮ ತರಗತಿಯ ಆಸ್ತಿ. ಜೋಪಾನ! ಇದಕ್ಕೆ ಏನೂ ಆಗಬಾರದು. ಓದುವಾಗ ಮಂಡಿಯೂರಿ, ಕಣ್ಣನ್ನ ಗೆರೆಗೆ ಸಮ ಇಟ್ಟು ಓದಬೇಕು. ಎಷ್ಟಿದೆಯೋ ಅಷ್ಟೇ ಹೇಳಬೇಕು."

ಉಸ್ತುವಾರಿ ಕೊಟ್ಟಿದ್ದು ಪಿಸುಮಾತಿಗೆ. ಪಿಸುಮಾತು ಎಂದರೆ ಮೊದಲ ಬೆಂಚಿನ ಒಬ್ಬ ಪುಟ್ಟ ಹುಡುಗಿ. ಅವಳು ಹಾಜರಿ ಕೂಗಿದಾಗಲೂ ಗುಟ್ಟು ಹೇಳುವವಳಂತೆ "ಬಂದಿದೀನಿ" ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ಮಾಪಕ ಖಾಲಿ. ಅದರ ಮರುದಿನವೂ ಖಾಲಿ. ಆಕಾಶ ಇಸ್ತ್ರಿ ಮಾಡಿಟ್ಟಷ್ಟು ನುಣ್ಣಗೆ, ನೀಲಿಯಾಗಿ ಮಲಗಿತ್ತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠದ ನಡುವೆ ಕಿಟಕಿಗೆ ಹೋಗುತ್ತಿದ್ದೆ, ಮನೆಯಲ್ಲಿ ತಾರಸಿಗೆ ಹತ್ತುತ್ತಿದ್ದೆ. ಇಡೀ ಬೀದಿ ಬಿಸಿಲಿಗೆ ಖುಷಿಪಡುತ್ತಿದ್ದರೆ, ಲಾಂಡ್ರಿಯವನ ಹೆಂಡತಿ ಮಳೆಗಾಗಿ ಕತ್ತು ಚಾಚಿ ನಿಂತಿದ್ದಳು!

"ಹೋಟೆಲಿನ ಬಟ್ಟೆ ಒಣಗ್ತಿರೋವಾಗ ಮಳೆ ಬರಲಿ ಅಂತೀಯಲ್ಲ, ನೀನು ನಮ್ಮ ಪಾರ್ಟಿಯೋ, ಎದುರು ಪಾರ್ಟಿಯೋ?" ಎಂದು ನಮ್ಮವರು ರೇಗಿಸಿದರು.

ಆಮೇಲೆ ಒಂದು ಬೆಳಿಗ್ಗೆ ಪಿಸುಮಾತು ಬಾಗಿಲಲ್ಲಿ ನಿಂತು, "ಟೀಚರ್, ಮೂರು ಗೆರೆ," ಎಂದಳು. ನಾನು ಓಡಿದೆ. ನೀರು! ತಿಳಿಯಾದ, ತಂಪಾದ, ನಿಜವಾದ ನೀರು! ಅಂಗಳ ಮಾತ್ರ ಒಣಗಿತ್ತು. ಆದರೆ ಕಲಿತ ತಲೆಗೆ ಕಾರಣ ಹುಟ್ಟಿಸುವುದು ಕಷ್ಟವೇ? ಕಾದ ನೆಲ ಎಲ್ಲವನ್ನೂ ಹೀರಿಬಿಟ್ಟಿದೆ ಎಂದು ಅಲ್ಲೇ ವಿವರಿಸಿದೆ. ಮಕ್ಕಳು ಸುಮ್ಮನೆ ತಲೆಯಾಡಿಸಿದರು. ಮರುದಿನ ನಾಲ್ಕು ಗೆರೆ. ಅದರಾಚೆ ಐದು! ನಾನು ಹಲಗೆಯ ಮೇಲೆ ಏರುವ ಕಂಬಗಳನ್ನು ಬರೆದು, ಬಣ್ಣ ತುಂಬಿ, "ಮಳೆಗಾಲ ಕಾಲಿಟ್ಟಿದೆ. ಇನ್ನು ಸುರಿಯುವುದೇ ಸುರಿಯುವುದು!" ಎಂದು ಸಾರಿದೆ.

"ನಿನ್ನೆ ರಾತ್ರಿ ಮಳೆ ಬಂತಾ?" ನಮ್ಮವರಿಗೆ ಅಚ್ಚರಿ. "ಹಗ್ಗದ ಮೇಲಿದ್ದ ಬಟ್ಟೆ ಗರಿಗರಿ ಇದೆಯಲ್ಲೇ!"

"ಅದು ಸ್ಥಳೀಯ ಮಳೆ. ಒಂದು ಕಡೆ ಬಿದ್ದು ಇನ್ನೊಂದು ಕಡೆ ಬೀಳದೆ ಇರಬಹುದು."

"ಶಾಲೆ ಮೇಲೆ ಮಾತ್ರ ಬೀಳೋ ಮಳೆ! ಅದಕ್ಕೂ ಅಡ್ಮಿಷನ್ ಮಾಡಿಸ್ಬೇಕಾ?"

"ನನ್ನ ಮೊಣಕಾಲಿಗೆ ಏನೂ ಗೊತ್ತಾಗಿಲ್ಲಪ್ಪ," ಎಂದು ಅತ್ತೆ ಕಾಲು ನೀವಿಕೊಂಡರು. ನನಗೆ ಆ ಮೊಣಕಾಲಿನ ಮೇಲೆ ಕನಿಕರ ಹುಟ್ಟಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಮರ್ಯಾದೆಯಿಂದ ಬದುಕಿರುತ್ತಿದ್ದೆ. ಆದರೆ ಅದೇ ವಾರ ಶಾಲೆಯ ವೇದಿಕೆಯ ಪರದೆ ನಮ್ಮ ಲಾಂಡ್ರಿಗೆ ಬಂತು. ಕಡುಗೆಂಪು, ಕಂಬಳಿಯಷ್ಟು ದಪ್ಪ, ಮಡಿಕೆ ಮಡಿಕೆಯಲ್ಲೂ ಹಳೆಯ ನಾಟಕಗಳ ಧೂಳು. ಪೋಷಕರ ದಿನಕ್ಕೆ ಅದನ್ನು ಒಗೆಸೋಣ ಎಂದು ದೊಡ್ಡ ಮೇಡಂಗೆ ಹೇಳಿದ್ದೂ ನಾನೇ, "ನಮ್ಮವರು ಫಸ್ಟ್ ಕ್ಲಾಸಾಗಿ ಮಾಡಿಕೊಡ್ತಾರೆ" ಎಂದು ಎದೆ ತಟ್ಟಿಕೊಂಡದ್ದೂ ನಾನೇ. ಇಬ್ಬರು ಸೇರಿ ಅದನ್ನು ಒಗೆದು ಹಿಂಡುವಷ್ಟರಲ್ಲಿ ನಮ್ಮವರ ತೋಳು ಬಿದ್ದು ಹೋಗಿತ್ತು.

"ಇದಕ್ಕೆ ಒಂದಿಡೀ ದಿನ ಒಳ್ಳೇ ಬಿಸಿಲು ಬೇಕು. ನಡಿ, ಮೇಲೆ ಹಾಕೋಣ," ಎಂದರು.

"ಖಂಡಿತ ಬೇಡ! ಮಳೆ ಏರ್ತಾ ಇದೆ. ಇವತ್ತು ಐದು ಗೆರೆ!"

"ಆಕಾಶ ನೋಡೇ ಒಂದ್ಸಲ."

"ಆಕಾಶ ಮೋಸ ಮಾಡುತ್ತೆ. ಅಂಕಿ ಅಂಶ ಮೋಸ ಮಾಡಲ್ಲ!"

ಆ ಮಾತು ನನ್ನ ಬಾಯಿಂದ ಎಂಥ ಗತ್ತಿನಲ್ಲಿ ಬಂತೆಂದರೆ, ನಮ್ಮವರು ಮರುಮಾತಾಡದೆ ಹಗ್ಗ ತಂದರು. ಮುಂದಿನ ಕೋಣೆಯ ಕಿಟಕಿ ಸರಳಿನಿಂದ ಹೊರಟ ಪರದೆ ಮಲಗುವ ಕೋಣೆಯನ್ನು ಸೀಳಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಿತು. ಆಹಾ, ನಮ್ಮ ಮನೆ ರಂಗಮಂದಿರವಾಯಿತು! ಯಾರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಕಾಫಿ ಲೋಟ ಹಿಡಿದ ಕೈ ಒಂದು ಕೆಂಪು ಮಡಿಕೆಯಿಂದ ಹೊರಬರುತ್ತಿತ್ತು, ಖಾಲಿ ಲೋಟ ಇನ್ನೊಂದು ಮಡಿಕೆಯೊಳಗೆ ಮಾಯವಾಗುತ್ತಿತ್ತು. ಅಂಗಿ ಒಯ್ಯಲು ಬಂದ ಗಿರಾಕಿಯೊಬ್ಬರ ಮುಂದೆ ಅತ್ತೆಯ ತಲೆ ಮಾತ್ರ ಪರದೆಯಿಂದ ಹೊರಬಂದು "ಯಾರದು?" ಎಂದದ್ದೇ ತಡ, ಅವರು ಅಂಗಿ ಬಿಟ್ಟು ಓಡಿದರು.

"ಚಿಕ್ಕಂದಿನಲ್ಲಿ ನಾಟಕದಲ್ಲಿ ಪಾತ್ರ ಮಾಡೋ ಆಸೆ ಇತ್ತು ಕಣೇ," ಎಂದರು ಅತ್ತೆ. "ಈ ವಯಸ್ಸಲ್ಲಿ ಸಿಕ್ತು. ಅದೂ ರಾಕ್ಷಸಿ ಪಾತ್ರ."

ಹೊರಗೆ ಬಿಸಿಲು ರಣರಣ ಎನ್ನುತ್ತಿತ್ತು. ಒಳಗೆ ಪರದೆ ಒಣಗುವ ಸೂಚನೆಯೇ ಇರಲಿಲ್ಲ. ನೆನೆಸಿಟ್ಟ ಕಾಲುಚೀಲದಂಥ ಒಂದು ವಾಸನೆ ಮೆಲ್ಲಗೆ ಎದ್ದು ಮನೆಯಲ್ಲೆಲ್ಲ ಓಡಾಡತೊಡಗಿತು. ಪೋಷಕರ ದಿನ ಹತ್ತಿರ ಬರುತ್ತಿತ್ತು. ನಾನು ಪರದೆಯ ಆ ತುದಿಗೆ ಹೋಗಿ ಮುಟ್ಟುವುದು, ಈ ತುದಿಗೆ ಬಂದು ಮೂಸುವುದು, ಮತ್ತೆ ಆ ತುದಿಗೆ. ಆ ಒದ್ದೆ ಕೆಂಪಿನ ಹಿಂದೆ ನನ್ನ ಮೂರನೇ ತರಗತಿ ಒಂದೊಂದೇ ಬೆಂಚಾಗಿ ಮರೆಯಾಗುತ್ತಿರುವಂತೆ ಕಾಣುತ್ತಿತ್ತು.

ಪೋಷಕರ ದಿನದ ಹಿಂದಿನ ಬೆಳಿಗ್ಗೆ ತಡೆಯಲಾರದೆ ಶಾಲೆಗೆ ಬೇಗ ಹೋದೆ. ಅಂಗಳದಲ್ಲಿ ಪಿಸುಮಾತು ಒಬ್ಬಳೇ. ಮಾಪಕದ ಮುಂದೆ ಮಂಡಿಯೂರಿ, ತನ್ನ ನೀರಿನ ಬಾಟಲಿಯಿಂದ ಹನಿ ಹನಿಯಾಗಿ, ಬಹಳ ಶ್ರದ್ಧೆಯಿಂದ, ಮಳೆಗಾಲ ಸುರಿಸುತ್ತಿದ್ದಳು!

"ಏನೇ ಇದು?"

ಅವಳು ಬೆಚ್ಚಲಿಲ್ಲ. "ಇವತ್ತು ನನ್ನ ಸರದಿ, ಟೀಚರ್."

"ಸರದಿನಾ? ಎಲ್ಲರೂ ಹಾಕ್ತೀರಾ?"

"ಹ್ಞೂಂ. ಖಾಲಿ ಇದ್ದಾಗ ನಿಮ್ಮ ಮುಖ ಚಿಕ್ಕದಾಗ್ತಿತ್ತಲ್ಲ. ಪಾಪ ಅನ್ನಿಸ್ತು."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳದ ಬದಲು ಅವಳ ಪಕ್ಕ ಕೂತು, ಖಾಲಿ ಇದ್ದರೆ ಖಾಲಿ ಎಂದು ಹೇಳುವುದೇ ಸರಿಯಾದ ಲೆಕ್ಕ, ಇಲ್ಲದ್ದನ್ನು ಇದೆ ಎನ್ನಬಾರದು ಎಂದು ತಿಳಿಸಿ ಹೇಳಿದೆ. ಅವಳು ಗಂಭೀರವಾಗಿ ಕೇಳಿಸಿಕೊಂಡು, ಮಾಪಕದ ನೀರು ಚೆಲ್ಲಿ, ಬಾಟಲಿಯ ಮುಚ್ಚಳ ತಿರುಗಿಸಿದಳು. ನಾನು ಅಲ್ಲಿಂದಲೇ ನಮ್ಮವರಿಗೆ ಫೋನ್ ಮಾಡಿದೆ.

"ರೀ, ಪರದೆ ಈಗಲೇ ತಾರಸಿಗೆ ಹಾಕಿ! ಮಳೆ ಬಂದೇ ಇಲ್ಲ!"

"ಅದನ್ನೇ ಅಲ್ವೇ ನಾನೂ ನನ್ನ ತಾಯಿಯೂ ಆ ಸೂರ್ಯನೂ ವಾರದಿಂದ ಹೇಳ್ತಿರೋದು!"

ಮಧ್ಯಾಹ್ನ ಸಭಾಂಗಣದಲ್ಲಿ ತಾಲೀಮು. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ದೊಡ್ಡ ಮಕ್ಕಳ ಡೋಲಿನ ಹೊಡೆತಕ್ಕೆ ನನ್ನ ಯೋಚನೆಯೇ ನನಗೆ ಕೇಳಿಸುತ್ತಿರಲಿಲ್ಲ. ಆಗ ನಮ್ಮವರ ಫೋನ್. ಊರಿನ ಆ ತುದಿಯ ಹೋಟೆಲಿಗೆ ಬಟ್ಟೆ ಕೊಡಲು ಹೋಗಿದ್ದರು.

"ಈ ಕಡೆ ಯಾಕೋ ಕಪ್ಪಾಗ್ತಿದೆ ಕಣೇ. ಅಲ್ಲಿ ಹೇಗಿದೆ? ಅಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ. ಬಂದುಬಿಡ್ಲಾ?"

"ಒಂದು ನಿಮಿಷ," ಎಂದು ಪಿಸುಮಾತನ್ನು ಕರೆದೆ. "ಹೋಗಿ ಮಾಪಕ ನೋಡಿ ಬಾ. ನೀರಿದೆಯಾ? ಇದ್ದದ್ದನ್ನ ಇದ್ದ ಹಾಗೇ ಹೇಳು."

ಓಡಿ ಹೋಗಿ ಓಡಿ ಬಂದಳು. "ಖಾಲಿ, ಟೀಚರ್. ಒಂದು ಹನಿಯೂ ಇಲ್ಲ."

ಈ ಸಲ ಅವಳು ಸುಳ್ಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. "ಒಂದು ಹನಿಯೂ ಇಲ್ಲ ರೀ! ಆರಾಮಾಗಿ ಕೆಲಸ ಮುಗಿಸಿ ಬನ್ನಿ!" ಎಂದೆ.

ತಾಲೀಮು ಮುಗಿದು ಬಾಗಿಲು ತೆಗೆದರೆ, ಅಂಗಳವೇ ಇರಲಿಲ್ಲ. ಅದರ ಜಾಗದಲ್ಲಿ ಒಂದು ಕೆರೆ ಇತ್ತು! ಆಕಾಶ ಕೊಡದಲ್ಲಿ ಮೊಗೆದು ಸುರಿಯುತ್ತಿತ್ತು. ಕಟ್ಟೆಯ ಮೇಲೆ ಮಾಪಕವೂ ಇಲ್ಲ.

"ಮಾಪಕ ಎಲ್ಲೇ?" ಎಂದು ಕೂಗಿದೆ.

"ಜೋಪಾನ ಅಂದಿದ್ರಲ್ಲ," ಎಂದಳು ಪಿಸುಮಾತು. "ನೀವು ನೋಡೋಕೆ ಕಳಿಸಿದಾಗ ಮಳೆ ಶುರುವಾಗ್ತಿತ್ತು. ನೆನೆಯುತ್ತೆ ಅಂತ ಒಳಗೆ ತಂದು, ಒರೆಸಿ, ಬೀರುವಿನಲ್ಲಿ ಇಟ್ಟಿದೀನಿ, ಟೀಚರ್. ಒಂದು ಹನಿಯೂ ಬಿದ್ದಿಲ್ಲ!"

ಆಮೇಲೆ ನಡೆದದ್ದನ್ನು ವಿವರಿಸಲು ನನಗೆ ಶಕ್ತಿಯಿಲ್ಲ. ತಾರಸಿಯಿಂದ ಪರದೆಯನ್ನು ಇಳಿಸುವಾಗ ಅದು ನೀರು ಕುಡಿದ ಆನೆಯಷ್ಟು ಭಾರವಾಗಿತ್ತು. ಒಳಗಿನ ಹಗ್ಗಗಳ ಮೇಲೆ ಆಗಲೇ ಹೋಟೆಲಿನ ಬಟ್ಟೆ ಹರಡಿತ್ತು. ನಮ್ಮವರು ಪರದೆ ಹಿಂಡಿದರು, ಫ್ಯಾನ್ ಹಾಕಿದರು, ಮತ್ತೆ ಹಿಂಡಿದರು. ಅತ್ತೆ, "ಮಧ್ಯಾಹ್ನ ಮೊಣಕಾಲು ಚುಳ್ ಅಂತು. ನಿನ್ನ ವಿಜ್ಞಾನಕ್ಕೆ ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಿದ್ದೆ," ಎಂದರು.

ಪೋಷಕರ ದಿನ ಒದ್ದೆ ಪರದೆಯನ್ನೇ ವೇದಿಕೆಗೆ ಏರಿಸಿದೆವು. ತಂದೆ ತಾಯಂದಿರು ಬಂದು ಕೂತರು. ಸಭಾಂಗಣ ಸದ್ದಡಗಿದಾಗ ಕೇಳಿಸಿತು: ತೊಟ್. ತೊಟ್. ತೊಟ್. ಪರದೆಯ ಅಂಚಿನಿಂದ ನೀರು. ದೊಡ್ಡ ಮೇಡಂ ಎದ್ದರು, ವೇದಿಕೆಯ ಬಳಿಗೆ ಬಂದರು, ಪರದೆಯ ಅಂಚನ್ನು ಎರಡು ಬೆರಳಲ್ಲಿ ಹಿಂಡಿದರು. ಅವರ ಕೈಗಡಿಯಾರದ ಮೇಲೆ ನೀರು ಇಳಿಯಿತು.

"ಒಣಗಿಲ್ಲ," ಎಂದರು.

"ಇಲ್ಲ, ಮೇಡಂ." ನನ್ನ ಎದೆ ಪರದೆಗಿಂತ ಭಾರವಾಗಿತ್ತು.

ಅಷ್ಟರಲ್ಲಿ ಪಿಸುಮಾತು ಬಂದು ತೊಟ್ಟಿಕ್ಕುವ ಜಾಗದ ಕೆಳಗೆ ಮಾಪಕ ಇಟ್ಟಳು. ನಾನು ಹೋಗು ಹೋಗು ಎಂದು ಕಣ್ಸನ್ನೆ ಮಾಡಿದರೆ ಅದು ಅವಳಿಗೆ ಕಾಣಲೇ ಇಲ್ಲ. ಮಂಡಿಯೂರಿದಳು. ಕಣ್ಣನ್ನು ಗೆರೆಗೆ ಸಮ ಇಟ್ಟಳು. ಮುಂದಿನ ಸಾಲಿನ ತಂದೆಯೊಬ್ಬರು ನಗುತ್ತ, "ತುಂಬ್ತಾ ಮರೀ?" ಎಂದರು.

"ಇಲ್ಲ," ಎಂದಳು ಪಿಸುಮಾತು. ಇಡೀ ಸಭಾಂಗಣಕ್ಕೆ ಕೇಳುವ ಹಾಗೆ! "ಅರ್ಧ ಗೆರೆ ಮಾತ್ರ. ಎಷ್ಟಿದೆಯೋ ಅಷ್ಟೇ ಹೇಳಬೇಕು. ಮತ್ತೆ ಇದು ಮಳೆ ಅಲ್ಲ. ಪರದೆ ನೀರು."

ಹಿಂದಿನ ಸಾಲಿನಲ್ಲಿ ಎದ್ದ ನಗು ಮುಂದಿನ ಸಾಲಿಗೆ ಬರುವಷ್ಟರಲ್ಲಿ ಚಪ್ಪಾಳೆಯಾಗಿತ್ತು. ಹಾಜರಿಗೂ ದನಿ ತೆಗೆಯದ ಹುಡುಗಿ ತಿರುಗಿ ಎಲ್ಲರನ್ನೂ ನೋಡಿದಳು. ದೊಡ್ಡ ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇವಳಿಗೆ ಇದನ್ನ ಯಾರು ಕಲಿಸಿದ್ದು?"

"ನಾನೇ, ಮೇಡಂ," ಎಂದೆ. ಕುಗ್ಗಿದ್ದ ಎದೆ ಚೂರು ಉಬ್ಬಿತು.

"ಹೌದಾ? ಫಸ್ಟ್ ಕ್ಲಾಸ್ ಪರದೆ ಅಂದಿದ್ರಲ್ಲ, ಹಾಗಾದ್ರೆ ಅವಳು ಕಲೀತಿದ್ದಾಗ ನೀವೆಲ್ಲಿ ಹೋಗಿದ್ರಿ?"

ಅವರು ತಿರುಗಿ ಹೊರಟವರು, ಹೋಗುತ್ತಲೇ, "ಮಕ್ಕಳು ನಿಮ್ಮವರೇ, ಇಟ್ಟುಕೊಳ್ಳಿ. ಪರದೆ ಮಾತ್ರ ಒಣಗಿಸಿ ಕೊಡಿ," ಎಂದರು.

ಕಾರ್ಯಕ್ರಮ ಮುಗಿದ ಮೇಲೆ ಪರದೆಯನ್ನು ಹೆಗಲಿಗೇರಿಸಿಕೊಂಡ ನಮ್ಮವರು ಅಂಗಳದಲ್ಲಿ ನಿಂತು ಮೇಲೆ ನೋಡಿದರು. ಅರ್ಧ ಆಕಾಶ ಬಿಸಿಲು, ಅರ್ಧ ಮೋಡ.

"ಹೇಳಿ, ಟೀಚರಮ್ಮ. ತಾರಸಿಗೋ, ಮನೆಯೊಳಗೋ?"

ಅಭ್ಯಾಸಬಲದಿಂದ ಬಾಯಿ ತೆರೆದೆ. ಅವರ ಹೆಗಲಿನಿಂದ ನೀರು ಇಳಿಯುತ್ತಿತ್ತು. ಬಾಯಿ ಮುಚ್ಚಿ, ಮೆಟ್ಟಿಲ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದ ಪಿಸುಮಾತಿನ ಕಡೆಗೆ ನಡೆಯುತ್ತ ಕೂಗಿದೆ: "ಪುಟ್ಟೀ, ನೀನೇ ಒಂದ್ಸಲ ಮೇಲೆ ನೋಡಿ ಹೇಳೇ, ಇವತ್ತು ಈ ಪರದೇನ ಹೊರಗೆ ಹಾಕಬಹುದಾ, ಇಲ್ಲ ಮನೆಯೊಳಗೇನಾ?"