ಕೆಂಪು ದಾರದ ಕ್ಯಾಮೆರಾ

ತೊಂದರೆ ಶುರುವಾದದ್ದು ಒಂದು ಗೇಣು ಕೆಂಪು ದಾರದಿಂದ.

ಆಗಿನ್ನೂ ರೀಲಿನ ಕಾಲ. ಸ್ಟುಡಿಯೋ ತಾತನ ಬಳಿ ಅವಳಿ ಮಕ್ಕಳಂಥ ಎರಡು ಕ್ಯಾಮೆರಾಗಳಿದ್ದವು. ಗುಂಡಿ ಒತ್ತಿದರೆ ಸಾಕು, ಮಿಕ್ಕದ್ದನ್ನು ಅವೇ ನೋಡಿಕೊಳ್ಳುತ್ತಿದ್ದವು. ಒಂದರಲ್ಲಿ ರೀಲು, ಇನ್ನೊಂದು ಖಾಲಿ. ಹೆದರುವ ಮಕ್ಕಳಿಗೆ ಖಾಲಿಯದನ್ನು ಆಟಕ್ಕೆ ಕೊಟ್ಟು, ಪಳಗಿದ ಮೇಲೆ ಅಸಲಿಯದರಲ್ಲಿ ಫೋಟೋ ಹಿಡಿಯುವುದು ಅವನಪ್ಪ ಕಲಿಸಿದ ಉಪಾಯ. ಗುರುತಿಗೆ ರೀಲಿದ್ದ ಕ್ಯಾಮೆರಾದ ಪಟ್ಟಿಗೆ ಕೆಂಪು ದಾರ.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ‘ಅಲ್ಲಾಡಬೇಡಿ ತಾತ’ ಎಂದು. ಅವನ ಫೋಟೋದಲ್ಲಿ ಮದುಮಕ್ಕಳೂ ಕೋರ್ಟಿಗೆ ಸಾಕ್ಷಿ ಹೇಳಲು ಬಂದವರಂತೆ ನಿಂತಿರುತ್ತಿದ್ದರು.

ಅವತ್ತು ಬೆಳಿಗ್ಗೆ ಒಂದೇ ಆಸ್ಪತ್ರೆಗೆ ಹೋಗುತ್ತಿದ್ದ ಮೂವರು ಮಕ್ಕಳು ಅಮ್ಮಂದಿರೊಡನೆ ಬಂದರು. ಮೂವರಿಗೂ ಹುಟ್ಟಿನಿಂದಲೇ ವಂಶವಾಹಿಯ ತೊಂದರೆ. ಆರು ವರ್ಷದ ಹುಡುಗನ ಮೂಳೆಗಳು ಸೀಮೆಸುಣ್ಣದಂಥವು. ದಿಂಬಿನ ಮೇಲೆ ಕೂತು, ತನ್ನ ಏಳು ಮುರಿತಗಳ ಕಥೆಯನ್ನು ಏಳು ಯುದ್ಧ ಗೆದ್ದವನಂತೆ ಹೇಳುತ್ತಿದ್ದ. ಹಾಲುಬಿಳುಪಿನ ಹುಡುಗಿಯೊಬ್ಬಳು ಬೆಳಕಿಗೆ ಕಣ್ಣು ಕಿರಿದಾಗಿಸಿಕೊಂಡೇ, ತಾತನ ಕೆಮ್ಮನ್ನು ತಾತನಿಗಿಂತ ಚೆನ್ನಾಗಿ ಕೆಮ್ಮಿ ತೋರಿಸಿದಳು. ಮೂರನೆಯವಳು ಡೌನ್ ಸಿಂಡ್ರೋಮ್ ಇದ್ದ ಐದು ವರ್ಷದವಳು, ಮನೆಯಲ್ಲಿ ಅಡ್ಡಹೆಸರು ಯಜಮಾನಿ. ಬಂದವಳೇ ಸ್ಟೂಲು ಎಳೆದು ತಾತನನ್ನೇ ಕೂರಿಸಿದಳು.

ಅವಳ ಅಮ್ಮ ತಾತನನ್ನು ಪಕ್ಕಕ್ಕೆ ಕರೆದಳು. “ಆಸ್ಪತ್ರೆ ಫೈಲಲ್ಲಿ ಇವಳ ಫೋಟೋ ಇಪ್ಪತ್ತಿವೆ. ಎದುರಿಂದ, ಪಕ್ಕದಿಂದ, ಅಂಗೈ ಬಿಡಿಸಿ. ಒಂದ್ರಲ್ಲೂ ನನ್ನ ಮಗಳಿಲ್ಲ. ಇವಳು ಇವಳ ಥರಾನೇ ಇರೋದು ಒಂದೇ ಒಂದು ಬೇಕು.”

ತಾತನಿಗೆ ತಂಗಿ ನೆನಪಾದಳು. ಅವಳದೂ ಇದೇ ಕಣ್ಣು, ಇದೇ ದುಂಡು ಮುಖ. ಮನೆಯವರೆಲ್ಲ ಸೇರಿ ಫೋಟೋಗೆ ನಿಂತ ದಿನ ಅಪ್ಪ ‘ಅಲ್ಲಾಡಬೇಡ’ ಎನ್ನುತ್ತಲೇ ಅವಳಿಗೆ ನಗು ಉಕ್ಕಿತ್ತು. ಆ ಫೋಟೋದಲ್ಲಿ ಎಲ್ಲರ ನಡುವೆ ಅವಳ ಜಾಗದಲ್ಲಿ ಒಂದು ಮೋಡ ಕೂತಿದೆ. ಇನ್ನೊಂದು ತೆಗೆಯುವಷ್ಟು ದಿನ ಅವಳು ಉಳಿಯಲಿಲ್ಲ. ಈ ಸಲ ಮೋಡ ಆಗಕೂಡದು ಎಂದು ತಾತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ.

ಅಷ್ಟರಲ್ಲಿ ಪಕ್ಕದಂಗಡಿಯ ಟೈಲರಮ್ಮ ಕರೆಯದೆಯೇ ಬಂದಳು. ಹಾಲುಬಿಳುಪಿನ ಹುಡುಗಿಯ ಕೂದಲು ಹಾರಾಡುವುದನ್ನು ಕಂಡವಳು ಕೈಗೆ ಸಿಕ್ಕ ಕೆಂಪು ದಾರ ಬಿಚ್ಚಿ ಜಡೆ ಕಟ್ಟಿಯೇಬಿಟ್ಟಳು. ದೀಪ ಸರಿಮಾಡುತ್ತಿದ್ದ ತಾತ ಹೌಹಾರಿದ.

“ದಾರ ತಾನೇ, ಚಿನ್ನದ ಸರ ಅಲ್ವಲ್ಲ” ಎಂದು ಟೈಲರಮ್ಮ ಜಡೆಯಿಂದ ಬಿಚ್ಚಿ ಕ್ಯಾಮೆರಾಕ್ಕೆ ವಾಪಸ್ ಕಟ್ಟಿದಳು.

ತಾತ ದಾರವಿಲ್ಲದ ಕ್ಯಾಮೆರಾವನ್ನು ಯಜಮಾನಿಯ ಕೊರಳಿಗೆ ಹಾಕಿ, “ಇದು ನಿಂದು, ಆಟ ಆಡು” ಎಂದ.

ಆಮೇಲೆ ಶುರುವಾಯಿತು ಪಡಿಪಾಟಲು. ಹುಡುಗನ ಕತ್ತು ನೇರ ಮಾಡಿದರೆ ಕೈ ಗಾಳಿಯಲ್ಲಿ ಕತ್ತಿ ಬೀಸುತ್ತಿತ್ತು. ಹುಡುಗಿಯ ಕಣ್ಣು ತೆರೆದರೆ ಕೆಮ್ಮು ಶುರುವಾಗುತ್ತಿತ್ತು. ನಗಿಸುವೆನೆಂದು ಬೀಗದಕೈ ಗೊಂಚಲು ಆಡಿಸಹೋದ ಟೈಲರಮ್ಮ ಪರದೆ ಕಳಚಿಕೊಂಡು ಅದರೊಳಗೇ ಸಿಕ್ಕಿಬಿದ್ದಳು. ಯಜಮಾನಿ ಮಾತ್ರ ಎಲ್ಲೆಲ್ಲೂ ಓಡಾಡಿ ಗುಂಡಿ ಒತ್ತಿದಳು. ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿಯನ್ನೂ ಬಿಡಲಿಲ್ಲ.

“ತಾತ, ಅಲ್ಲಾಡ್ಬೇಡ” ಎಂದು ಅವಳು ಗದರಿದಾಗಲೆಲ್ಲ ಉಳಿದಿಬ್ಬರು ಬಿದ್ದು ಬಿದ್ದು ನಗುತ್ತಿದ್ದರು.

ಸಂಜೆಯ ಹೊತ್ತಿಗೆ ತಾತ ಗೆದ್ದಿದ್ದ. ಮೂವರೂ ಒಬ್ಬೊಬ್ಬರಾಗಿ ಒಂದೊಂದು ನಿಮಿಷ ಕಡೆದಿಟ್ಟ ಬೊಂಬೆಯಂತೆ ಕೂತರು. ಕೆಂಪು ದಾರದ ಕ್ಯಾಮೆರಾದಲ್ಲಿ ಇಂಥ ಫೋಟೋ ತಾನು ಜನ್ಮದಲ್ಲೇ ತೆಗೆದಿಲ್ಲವೆಂದು ಅವನಿಗೇ ಅನ್ನಿಸಿತು. ಅದು ನಿಜವೂ ಆಗಿತ್ತು.

ಎಲ್ಲರೂ ಹೋದ ಮೇಲೆ ಕ್ಯಾಮೆರಾ ಬಿಚ್ಚಿದರೆ ಒಳಗೆ ತೊಳೆದಿಟ್ಟ ತಟ್ಟೆಯಂತೆ ಖಾಲಿ. ಟೈಲರಮ್ಮ ದಾರ ವಾಪಸ್ ಕಟ್ಟಿದ್ದು ನಿಜ, ಕಟ್ಟಿದ್ದು ಮಾತ್ರ ಇನ್ನೊಂದಕ್ಕೆ. ಯಜಮಾನಿಯ ಕ್ಯಾಮೆರಾ ತಿರುಗಿಸಿ ನೋಡಿದ. ರೀಲಿನ ಮೂವತ್ತಾರು ಫೋಟೋಗಳೂ ಮುಗಿದಿದ್ದವು.

ಕತ್ತಲೆ ಕೋಣೆಯಲ್ಲಿ ಒಂದೊಂದಾಗಿ ಮೇಲೆದ್ದು ಬಂದವು. ಒಂಬತ್ತು ಮೊಣಕಾಲು, ನಾಲ್ಕು ಫ್ಯಾನು, ಪರದೆಯೊಳಗೆ ಮೂಟೆಯಾದ ಟೈಲರಮ್ಮ, ತಾತನ ಬೋಳುತಲೆ. ಆಮೇಲೆ ಏಳನೇ ಯುದ್ಧ ಗೆಲ್ಲುತ್ತಿರುವ ಹುಡುಗ, ಕೆಮ್ಮುತ್ತ ಕೆಮ್ಮುತ್ತ ನಗುವಿಗೆ ತಿರುಗಿದ ಹುಡುಗಿ. ಕೊನೆಯದು ಕನ್ನಡಿಯಲ್ಲಿ ಯಜಮಾನಿಯೇ. ಎದೆಗೆ ಕ್ಯಾಮೆರಾ ಒತ್ತಿಕೊಂಡು ಇಡೀ ಮೈಯಲ್ಲಿ ನಗುತ್ತ, ಅಂಚೆಲ್ಲ ಅಲುಗಿ ಮೋಡವಾಗಿ. ತಾತ ಆ ಒಂದನ್ನು ಒಣಗಿಸಲು ಮರೆತು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತ.

ಮರುದಿನ ಯಜಮಾನಿಯ ಜೊತೆ ಬಂದ ಅಮ್ಮ ಅದನ್ನು ನೋಡಿ, “ಇವಳೇ ನನ್ನ ಮಗಳು” ಎಂದಳು. ತಾತನ ಕೈಗುಣ ದೊಡ್ಡದು ಎಂದಳು. ತಾತ ಮುಚ್ಚಿಡದೆ ಯಜಮಾನಿಯ ಎದುರೇ ದಾರದ ನಿಜ ಹೇಳಿದ.

ಹೇಳಬಾರದಿತ್ತು. ಮುಂದಿನ ವರ್ಷ ಮಕ್ಕಳು ಮತ್ತೆ ಬಂದರು. ತಾತ ಹೊಸ ಪರದೆ ಕಟ್ಟಿ, ಟೈಲರಮ್ಮನನ್ನು ಹೊರಗಿಟ್ಟು, ದಾರವನ್ನು ಮೂರು ಗಂಟು ಹಾಕಿ ಬಿಗಿದು ಕಾದಿದ್ದ. ಯಜಮಾನಿ ಎರಡೂ ಕ್ಯಾಮೆರಾಗಳನ್ನು ನೋಡಿದಳು. ಕೆಂಪು ದಾರದ್ದನ್ನು ತನ್ನ ಕೊರಳಿಗೆ ಹಾಕಿಕೊಂಡಳು. ತಾತನನ್ನು ಬಗ್ಗಿಸಿ ಇನ್ನೊಂದನ್ನು ಅವನ ಕೊರಳಿಗೆ ಹಾಕಿದಳು.

“ಇದು ನಿಂದು ತಾತ, ಆಟ ಆಡು.”