ನಮ್ಮ ಓಣ್ಯಾಗ ಎಲ್ಲಾರೂ ಆರಾಮ

ಗುರುಶಾಂತ ತನ್ನ ದೊಡ್ಡವ್ವ ಅನ್ನದಾನಮ್ಮನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು. ಬೆಳಿಗ್ಗೆ ಚಹಾ ಕುಡಿಯುತ್ತ, ‘ಇವತ್ತು ಓಣಿ ಮಂದೀನ ಅವರ ಆರೋಗ್ಯದ ಬಗ್ಗೆ ಕೇಳ್ಕೊಂಡು ಬರ್ತೀನಿ. ಅದರ ಮ್ಯಾಲೆ ನಮ್ಮ ಮೇಡಂ ಮಾರ್ಕ್ಸ್ ಕೊಡ್ತಾರ’ ಎಂದುಬಿಟ್ಟ.

ಅವನು ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆರೋಗ್ಯ ದತ್ತಾಂಶ ವಿಜ್ಞಾನ ಓದುತ್ತಿದ್ದ. ತನ್ನೂರು ಹಲವಾಗಲಿನಿಂದ ಆ ಓದಿಗೆ ಹೋದ ಮೊದಲಿಗ. ಅದು ಎಂಥ ಓದು ಎಂಬುದು ಓಣಿಯಲ್ಲಿ ಯಾರಿಗೂ ತಿಳಿಯದು. ಹೆಮ್ಮೆಪಡಲು ಅದೇನೂ ಅಡ್ಡಿ ಬಂದಿರಲಿಲ್ಲ. ‘ಡಾಕ್ಟರು ಒಬ್ಬೊಬ್ಬರ ನಾಡಿ ಹಿಡೀತಾರ, ನಮ್ಮ ಗುರು ಇಡೀ ಊರಿನ ನಾಡಿ ಹಿಡೀತಾನ’ ಎಂದು ಅನ್ನದಾನಮ್ಮ ಹರಪನಹಳ್ಳಿ ಬಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿ ಬಂದಿದ್ದಳು.

ಗುರುಶಾಂತ ಸ್ನಾನ ಮುಗಿಸಿ, ಪ್ರಶ್ನೆಗಳಿದ್ದ ಮೊಬೈಲ್ ಹಿಡಿದು ಹೊರಟ. ಮೊದಲ ಮನೆ ಹಾಲೇಶಪ್ಪನದು. ಅವನು ಬೀಡಿಯ ಹೊಗೆಯೊಳಗಿಂದ ಮುಖ ಹೊರಗೆ ಹಾಕಿ, ‘ಬಾರಪಾ, ಕೇಳು’ ಎಂದ.

‘ಬೀಡಿ ಸೇದ್ತೀರೇನ್ರಿ ಕಾಕಾ?’

‘ಛೇ ಛೇ! ಅದರ ವಾಸನಿ ನನಗ ಆಗಂಗಿಲ್ಲ’ ಎನ್ನುತ್ತ ಹಾಲೇಶಪ್ಪ ಕೈಯಲ್ಲಿದ್ದುದನ್ನು ಕಟ್ಟೆಗೆ ಒತ್ತಿ ಆರಿಸಿದ.

ಪಕ್ಕದ ಮನೆಯ ನೀಲಗಂಗಮ್ಮನ ದವಡೆಯಲ್ಲಿ ತಂಬಾಕು ನಿಂಬೆಹಣ್ಣಿನಂತೆ ಉಬ್ಬಿತ್ತು. ತಂಬಾಕು ತಿನ್ನುತ್ತೀರಾ ಎಂದು ಕೇಳಿದರೆ, ಬಾಯಿ ತೆರೆಯಲಾಗದೆ ಎರಡೂ ಕೈ ಅಲ್ಲಾಡಿಸಿ ಇಲ್ಲವೇ ಇಲ್ಲ ಎಂದಳು. ಪಂಪ್‌ಸೆಟ್ ರಿಪೇರಿಯ ಯೂಸುಫ್ ಸಾಬ್ ಉಪ್ಪಿನಕಾಯಿ ಭರಣಿಯನ್ನೇ ಮುಂದಿಟ್ಟುಕೊಂಡು ಉಣ್ಣುತ್ತಿದ್ದ. ‘ಉಪ್ಪು ಬಿಟ್ಟು ವರ್ಷಾತು ತಮ್ಮಾ. ದಿನಾ ಹೊಳೀತನಾ ನಡದು ಬರ್ತೀನಿ’ ಎಂದವನು, ಕೈ ತೊಳೆದು ಎದುರಿನ ಅಂಗಡಿಗೆ ಹೋಗಲು ಬೈಕಿಗೆ ಕಿಕ್ ಹೊಡೆದ.

ಓಣಿ ಮುಗಿಯುವ ಹೊತ್ತಿಗೆ ಮೊಬೈಲಿನಲ್ಲಿ ಒಂದು ನೆಗಡಿಯೂ ದಾಖಲಾಗಿರಲಿಲ್ಲ. ಇಂಥ ಓಣಿಯಲ್ಲಿ ಬಾಡಿಗೆ ಮನೆ ಸಿಕ್ಕರೆ ದೇವತೆಗಳು ಸ್ವರ್ಗ ಖಾಲಿ ಮಾಡಿ ಬರುತ್ತಿದ್ದರು.

ಮನೆಯಲ್ಲಿ ಅನ್ನದಾನಮ್ಮ ಬಾಗಿಲಲ್ಲೇ ಕಾದಿದ್ದಳು. ‘ಎಲ್ಲಾರೂ ಚೆಂದ ಹೇಳಿದರಿಲ್ಲೋ? ನೀ ಜಳಕ ಮಾಡೋದ್ರಾಗ ನಾ ಮನಿಮನಿಗೆ ಹೋಗಿ ತಾಕೀತು ಮಾಡಿ ಬಂದೆ. ನಮ್ಮ ಹುಡುಗನ ಮಾರ್ಕ್ಸಿನ ಪ್ರಶ್ನಿ, ಊರ ಮರ್ಯಾದಿ ಕಳೀಬ್ಯಾಡ್ರಿ ಅಂದೆ!’

ಗುರುಶಾಂತ ತಲೆಯ ಮೇಲೆ ಕೈಹೊತ್ತು ಕೂತ. ‘ದೊಡ್ಡವ್ವಾ, ನನಗ ಖರೇ ಬೇಕು. ಹೋದ ವರ್ಷ ಸೋಮಶೇಖರ್ ಮಾವ ಹೊಲದಾಗ ಬಿದ್ದು ತೀರಿಹೋದ್ನಲ್ಲ, ಅವಗ ಬಿಪಿ ಇತ್ತು ಅಂತ ಯಾರಿಗಾದ್ರೂ ಗೊತ್ತಿತ್ತೇನು? ಎಲ್ಲಾರೂ ಆರಾಮ ಅದೀವಿ ಅಂದ್ರ, ಗುಳಿಗಿ ಹಿಡಕೊಂಡು ಈ ಕಡಿ ಯಾರು ಬರ್ತಾರ?’

ಅನ್ನದಾನಮ್ಮನ ಮುಖ ಸಣ್ಣದಾಯಿತು. ಸೋಮಶೇಖರ್ ಅವಳ ತಮ್ಮ. ಕಣ್ಣೊರೆಸಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ‘ನೀ ಉಣ್ಣು. ನಾ ಎಲ್ಲಾ ಸರಿ ಮಾಡ್ತೀನಿ’ ಎಂದು, ಅವನು ಬೇಡ ಬೇಡ ಎನ್ನುವಷ್ಟರಲ್ಲಿ ಓಣಿಯ ತಿರುವಿನಲ್ಲಿದ್ದಳು.

ಊಟ ಮುಗಿಸಿ ಗುರುಶಾಂತ ಮತ್ತೆ ಹೋದರೆ, ಹಾಲೇಶಪ್ಪ ಉರಿಬಿಸಿಲಲ್ಲಿ ಕಂಬಳಿ ಹೊದ್ದು ನಡುಗುತ್ತಿದ್ದ. ‘ಬಿಪಿ, ಶುಗರು, ಮೊಣಕಾಲು ನೋವು, ಎಲ್ಲಾ ಬರಕೋ. ಕಡಿಮಿ ಬಿದ್ರ ಹೇಳು, ನಾಚಿಕೋಬ್ಯಾಡ.’ ಯೂಸುಫ್ ಸಾಬ್ ಬಾಗಿಲಿನವರೆಗೆ ಬಲಗಾಲು ಕುಂಟುತ್ತ ಬಂದು, ಒಳಗೆ ಹೋಗುವಾಗ ಎಡಗಾಲು ಕುಂಟಿದ. ಅರವತ್ತು ದಾಟಿದ ನೀಲಗಂಗಮ್ಮ ಗುರುಶಾಂತನ ಕಿವಿಯ ಬಳಿ ಬಗ್ಗಿ, ‘ಬಸುರಿ ಅಂತ ಬರಕೊಂಡ್ರ ಮಾರ್ಕ್ಸ್ ಹೆಚ್ಚಿಗಿ ಬರ್ತಾವೇನೋ?’ ಎಂದು ಕೇಳಿದಳು.

ಸಂಜೆ ಗುರುಶಾಂತ ತನ್ನ ಮಾರ್ಗದರ್ಶಕಿ ಪುಷ್ಪಲತಾ ಮೇಡಂಗೆ ಫೋನ್ ಮಾಡಿ, ಅಳುವುದೊಂದು ಬಾಕಿ ಎಂಬಂತೆ ನಡೆದದ್ದೆಲ್ಲ ಒಪ್ಪಿಸಿದ. ಆ ಕಡೆಯಿಂದ ಜೋರು ನಗು.

‘ಅದೇ ಜನ, ಅದೇ ಪ್ರಶ್ನೆ, ಒಂದೇ ದಿನದಲ್ಲಿ ಉಲ್ಟಾ ಉತ್ತರ! ಕೇಳುವವರ ಖುಷಿಗೆ ತಕ್ಕಂತೆ ಜನ ಉತ್ತರ ಕೊಡ್ತಾರೆ ಅಂತ ನಾನು ಸೆಮಿಸ್ಟರ್ ಪೂರ್ತಿ ಪಾಠ ಮಾಡಿದರೂ ನಿಮ್ಮ ಕ್ಲಾಸಿನ ಯಾರ ತಲೆಗೂ ಹೋಗಿರಲಿಲ್ಲ. ಎರಡೂ ಡೇಟಾ ಹಾಗೇ ಇಡು. ಬಂಗಾರ ಅದು!’

ಗುರುಶಾಂತನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ‘ಹಾಗಾದರೆ ನಾನು ಪಾಸಾ ಮೇಡಂ?’

‘ನೀನಾ? ನೀನು ಇನ್ನೂ ಸಮೀಕ್ಷೆಯನ್ನೇ ಮಾಡಿಲ್ಲವಲ್ಲಪ್ಪಾ! ನಾಳೆ ಬಿಪಿ ಮಷಿನ್ ಕಳಿಸ್ತೀನಿ, ಮೊದಲ ಮನೆಯಿಂದ ಮತ್ತೆ ಶುರು ಮಾಡು. ಅದಿರಲಿ, ಇಡೀ ಓಣಿಯನ್ನು ಎರಡು ಸಲ ಒಪ್ಪಿಸಿದರಲ್ಲ, ಆ ದೊಡ್ಡಮ್ಮನಿಗೆ ಫೋನ್ ಕೊಡು.’

ಅನ್ನದಾನಮ್ಮ ಸೆರಗು ಸರಿಮಾಡಿಕೊಂಡು ‘ಹೂಂ ರೀ, ಆತ್ರಿ’ ಎನ್ನುತ್ತ ಹೋದಳು. ಫೋನ್ ಇಟ್ಟಾಗ ಅವಳ ಮುಖ ದೀವಟಿಗೆಯಂತೆ ಬೆಳಗುತ್ತಿತ್ತು. ಜನರನ್ನು ಒಪ್ಪಿಸುವುದು ಹೇಗೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡಲು ಮೇಡಂ ಅವಳನ್ನು ವಿಶ್ವವಿದ್ಯಾಲಯಕ್ಕೇ ಕರೆದಿದ್ದರು. ಸುದ್ದಿಗೆ ಕಾಲು ಬಂದು, ಅರೆಗಳಿಗೆಯಲ್ಲಿ ಓಣಿಯೆಲ್ಲ ಅವರ ಕಟ್ಟೆಯ ಮೇಲಿತ್ತು. ‘ನಮ್ಮ ಅನ್ನದಾನವ್ವ ಪಾಠ ಮಾಡಾಕ ಹೊಂಟಾಳ!’ ಎಂದು ಯೂಸುಫ್ ಸಾಬ್ ಎಲ್ಲರಿಗೂ ಚಹಾ ಹೇಳಿದ. ಗುರುಶಾಂತನ ಹೆಸರೆತ್ತಿದವರಿಲ್ಲ. ಅವನ ಪಾಲಿನ ಚಹಾವೂ ಬರಲಿಲ್ಲ.

‘ಲೇ ಗುರು, ನಾಳೆ ಆ ಮಷಿನ್ ಹೊತ್ಕೊಂಡು ನನ್ನ ಹಿಂದ ಬಾ. ಮಧ್ಯೆ ಮಾತಾಡಬ್ಯಾಡ’ ಎಂದಳು ಅನ್ನದಾನಮ್ಮ.

ಹಾಲೇಶಪ್ಪ ಕಂಬಳಿಯೊಳಗಿಂದ ಕೇಳಿದ: ‘ಈ ಸಲ ನಾವು ಏನಂತ ಹೇಳಬೇಕವ್ವಾ?’

‘ಏನೂ ಹೇಳಬ್ಯಾಡ್ರಿ. ಬಾಯಿ ಮುಚ್ಚಿ ಕೈ ಚಾಚ್ರಿ, ಸಾಕು.’